ಅತ್ತೆ ಮೂಗು ಮುರಿದ ಸಾಫ್ಟ್‌ವೇರ್‌ಗಳು

“ಹಾಗಾದ್ರೆ ಬೆಲೆ ಎಷ್ಟು ಅಂತ ನೀವು ಬಾಯಿ ಬಿಡೋದೇ ಇಲ್ಲ ಅನ್ನಿ,” ಎಂದು ಅತ್ತೆ ಮೂರನೇ ಸಲ ಕೇಳಿದಳು.

ಸಾಫ್ಟ್‌ವೇರ್ ಮಾರಲು ಬಂದಿದ್ದವನು ನಕ್ಕ. ಮೊದಲು ನಿಮ್ಮ ಅಗತ್ಯ ಏನು ಅಂತ ಅರ್ಥ ಮಾಡಿಕೊಳ್ಳೋಣ ಮೇಡಂ, ಬೆಲೆ ಆಮೇಲೆ ತಾನಾಗಿ ಬರುತ್ತದೆ ಎಂದ. ಅವನ ಲ್ಯಾಪ್‌ಟಾಪ್ ಅತ್ತೆಯ ವೈಂಡಿಂಗ್ ಮೇಜಿನ ಮೇಲೆ, ತಾಮ್ರದ ತಂತಿಯ ಎರಡು ಉರುಳೆಗಳ ನಡುವೆ ಕೂತಿತ್ತು. ಪರದೆಯ ಮೇಲೆ ಒಂದು ವಿಮಾನ ನಿಧಾನವಾಗಿ ತಿರುಗುತ್ತಾ, ಮೂತಿಯಿಂದ ಬಾಲದವರೆಗೆ ಕೆಂಪು, ಹಳದಿ, ನೀಲಿ ಎಂದು ಬಣ್ಣ ಬದಲಿಸುತ್ತಿತ್ತು. ಕಬ್ಬಿಣ ಕಡೆಯುವ ಲೇತ್ ಹತ್ತಿರ ನಿಂತಿದ್ದ ಮಾವ, ಅಂದರೆ ಅತ್ತೆಯ ಗಂಡ, ಕೈಯಲ್ಲಿದ್ದ ಎಣ್ಣೆಬಟ್ಟೆಯನ್ನು ಮರೆತು ವಿಮಾನವನ್ನೇ ನೋಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನಾನೂ ಬಾಯಿ ತೆರೆದುಕೊಂಡು ನೋಡುತ್ತಿದ್ದೆ, ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಇಷ್ಟು ಚಂದದ ಪರದೆ ಯಾವುದೂ ಇಲ್ಲ.

“ನಾವು ವಿಮಾನ ಮಾಡಲ್ಲ,” ಎಂದಳು ಅತ್ತೆ. “ಲಿಫ್ಟ್ ಬ್ರೇಕಿನ ಮ್ಯಾಗ್ನೆಟ್ ಮಾಡ್ತೀವಿ. ಅದನ್ನ ಹಾಕಿ ತೋರಿಸಿ.”

ಆ ಮ್ಯಾಗ್ನೆಟ್ ಏನು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕತೆಯಲ್ಲಿ ನಾವೆಲ್ಲರೂ ಅದರ ಸುತ್ತಲೇ ತಿರುಗಿದ್ದು. ಒಂದು ದಪ್ಪ ಕಬ್ಬಿಣದ ಬಟ್ಟಲು, ಬಟ್ಟಲಿನ ನಡುವೆ ಒಂದು ಗುಂಡನೆಯ ಕಂಬ, ಕಂಬದ ಸುತ್ತ ತಾಮ್ರದ ತಂತಿಯ ಸುರುಳಿ, ಅಷ್ಟೇ. ಕರೆಂಟ್ ಹರಿದಾಗ ಅದು ಎದುರಿನ ಕಬ್ಬಿಣದ ತಟ್ಟೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಬ್ರೇಕ್ ಬಿಡುತ್ತದೆ, ಲಿಫ್ಟ್ ಚಲಿಸುತ್ತದೆ. ಕರೆಂಟ್ ಹೋದ ಕ್ಷಣ ಸ್ಪ್ರಿಂಗುಗಳು ತಟ್ಟೆಯನ್ನು ಹಿಂದಕ್ಕೆ ತಳ್ಳುತ್ತವೆ, ಬ್ರೇಕ್ ಹಿಡಿಯುತ್ತದೆ. ಅತ್ತೆ ಇಂಥವನ್ನು ಹನ್ನೆರಡು ಅಳತೆಗಳಲ್ಲಿ, ಹತ್ತೊಂಬತ್ತು ವರ್ಷದಿಂದ ಒಂದೇ ಲಿಫ್ಟ್ ಕಂಪನಿಗೆ ಮಾಡಿ ಕೊಡುತ್ತಿದ್ದಾಳೆ. ಅವಳ ಅಂಗಡಿಯ ಮುಕ್ಕಾಲು ಪಾಲು ಕೆಲಸ ಅದೇ. ಈಗ ಆ ಕಂಪನಿಗೆ ಹೊಸ ಎಂಜಿನಿಯರ್ ಒಬ್ಬ ಬಂದಿದ್ದ. ಪ್ರತಿ ಅಳತೆಗೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಸಿಮ್ಯುಲೇಶನ್ ರಿಪೋರ್ಟ್ ಬೇಕು, ಆ ಲೆಕ್ಕಕ್ಕೂ ನಿಜವಾಗಿ ಎಳೆದು ತೂಗಿದ್ದಕ್ಕೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು, ಮೊದಲು ಏಳನೇ ನಂಬರಿನ ರಿಪೋರ್ಟು ತಿಂಗಳ ಕೊನೆಯೊಳಗೆ ಬರಬೇಕು, ಬರದಿದ್ದರೆ ಬ್ರೇಕನ್ನು ಬೇರೆ ಕಡೆಯಿಂದ ತರಿಸುತ್ತೇವೆ ಎಂದು ಪತ್ರ ಬರೆದಿದ್ದ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುವ ಅಣ್ಣನ ಮಗಳು ಊರಲ್ಲೇ ಇದ್ದಾಳಲ್ಲ ಎಂದು ಅತ್ತೆ ನನಗೆ ಫೋನ್ ಮಾಡಿದ್ದು ಆಗ. ನನಗೆ ಪರೀಕ್ಷೆಯ ಮುಂಚಿನ ರಜೆ. ಓದುವುದು ತಪ್ಪಿತಲ್ಲ ಎಂದು ಕುಣಿದುಕೊಂಡು ಬಂದೆ.

ಮಾರಾಟದವನು ಏಳನೇ ನಂಬರಿನ ನಕ್ಷೆ ನೋಡಿಕೊಂಡು ಬಟ್ಟಲು, ಕಂಬ, ಸುರುಳಿ, ತಟ್ಟೆ ಎಲ್ಲವನ್ನೂ ಪರದೆಯಲ್ಲಿ ಕಟ್ಟಿದ. ಬಟ್ಟಲು ಕೆಂಪಾಗಿ ಹೊಳೆಯಿತು. ಉತ್ತರ ಬಂತು, ನೂರ ಎಪ್ಪತ್ತೊಂದು ಕಿಲೋ ಎಳೆತ. ಅತ್ತೆ ಎದ್ದು, ಅದೇ ಮ್ಯಾಗ್ನೆಟ್ಟನ್ನು ಪರೀಕ್ಷೆಯ ಚೌಕಟ್ಟಿಗೆ ಸಿಕ್ಕಿಸಿ, ಕರೆಂಟ್ ಕೊಟ್ಟು, ತೂಕದ ಕೊಕ್ಕೆಯಿಂದ ತಟ್ಟೆಯನ್ನು ಕಿತ್ತು ತೋರಿಸಿದಳು. ತೊಂಬತ್ತೆರಡು. ಅವನು ಎರಡನ್ನೂ ನೋಡಿ, ನಿಮ್ಮ ತಕ್ಕಡಿ ಸರಿ ಇಲ್ಲ ಅನ್ನಿಸುತ್ತೆ ಮೇಡಂ ಎಂದ.

ಅತ್ತೆಯ ಮೂಗಿನ ಮೇಲೆ ಮೂರು ಗೆರೆ ಬಿದ್ದವು.

ನಮ್ಮ ಅತ್ತೆಯನ್ನು ಬಲ್ಲವರಿಗೆ ಆ ಗೆರೆಗಳೂ ಗೊತ್ತು. ಅವಳಿಗೆ ಕೋಪ ಕಡಿಮೆ, ಅಳು ಇನ್ನೂ ಕಡಿಮೆ, ಅಸಹ್ಯ ಮಾತ್ರ ಧಾರಾಳ. ಕೆನೆಗಟ್ಟಿದ ಚಹಾ, ಎಂಜಲು ಬೆರಳಲ್ಲಿ ಪುಟ ತಿರುಗಿಸುವವರು, ಅರ್ಧ ಬಿಗಿದ ಸ್ಕ್ರೂ, ‘ಸುಮಾರಾಗಿ’ ಎನ್ನುವ ಪದ, ಇವೆಲ್ಲಕ್ಕೂ ಮೂಗಿನ ಗೆರೆ ಸಾಕು. ಅದಕ್ಕಿಂತ ಹೆಚ್ಚಾದರೆ ಏನೋ ಅಂಟಿಕೊಂಡಂತೆ ಹೆಬ್ಬೆರಳನ್ನು ಉಳಿದ ಬೆರಳುಗಳಿಗೆ ಉಜ್ಜುತ್ತಾ ಕೂರುತ್ತಾಳೆ. ತೀರಾ ತಡೆಯಲಾರದೆ ಹೋದರೆ ಹಿಂದಿನ ನಲ್ಲಿಗೆ ಹೋಗಿ ಗ್ರೀಸ್ ತೆಗೆಯುವ ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡು ಬರುತ್ತಾಳೆ. ನಲ್ಲಿಯ ಸದ್ದು ಕೇಳಿದರೆ ಮಾವ ಲೇತ್ ನಿಲ್ಲಿಸಿ, ಇವತ್ತು ಯಾರ ಪಾಪ ತೊಳೀತಿದ್ದಾಳೋ ಎನ್ನುತ್ತಾರೆ.

ಅವಳು ವೈಂಡಿಂಗ್ ಕಲಿತದ್ದು ಕೂಡ ಆಸೆಯಿಂದ ಅಲ್ಲ, ಅಸಹ್ಯದಿಂದ. ಹತ್ತೊಂಬತ್ತನೇ ವಯಸ್ಸಿನಲ್ಲಿ ಮೋಟಾರ್ ರಿಪೇರಿ ಅಂಗಡಿಯೊಂದಕ್ಕೆ ಬಿಲ್ಲು ಬರೆಯಲು ಸೇರಿದ್ದಳಂತೆ. ಅಲ್ಲಿನ ವೈಂಡರ್ ಸುರುಳಿ ಸುತ್ತುತ್ತಾ ಮೂಲೆಗೆ ಉಗಿಯುತ್ತಿದ್ದ, ಅದು ಹಾಳಾಗಲಿ, ತಂತಿಯ ಸುತ್ತನ್ನು ಎಣಿಸದೆ ಕಣ್ಣಳತೆಯಲ್ಲೇ ನಿಲ್ಲಿಸಿ ಚೀಟಿಯ ಮೇಲೆ ಎಂಟುನೂರು ಎಂದು ಬರೆಸುತ್ತಿದ್ದ. ಒಂದು ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಅತ್ತೆ ಮೂಲೆ ತೊಳೆದು, ಅವನು ಮುಗಿಸಿಟ್ಟ ಸುರುಳಿಯನ್ನು ಬಿಚ್ಚಿ ಎಣಿಸಿದಳು. ಏಳುನೂರ ನಲವತ್ತಮೂರು. ತಾನೇ ಎಂಟುನೂರು ಸುತ್ತಿ ಇಟ್ಟಳು. ಅಲ್ಲಿಂದ ಶುರುವಾದದ್ದು ಈ ಎರಡು ಕೋಣೆಯ ಅಂಗಡಿ, ವಾರ್ನಿಶ್ ವಾಸನೆ, ಬೀದಿಯವರೆಲ್ಲ ಕರೆಯುವ ‘ವೈಂಡಿಂಗ್ ಅಕ್ಕ’ ಎಂಬ ಹೆಸರು.

ಮರುದಿನ ಬೆಲೆ ಇಮೇಲಿನಲ್ಲಿ ಬಂತು. ನಾನು ಸೊನ್ನೆಗಳನ್ನು ಬೆರಳಿಟ್ಟು ಎಣಿಸಿ ಓದಿದೆ. ಲೇತ್, ವೈಂಡಿಂಗ್ ಯಂತ್ರ, ವಾರ್ನಿಶ್ ಒಣಗಿಸುವ ಒಲೆ, ಮಾವನ ಸ್ಕೂಟರ್, ಎಲ್ಲ ಮಾರಿದರೂ ಅಷ್ಟಾಗುತ್ತಿರಲಿಲ್ಲ. ಅದೂ ಒಂದು ವರ್ಷಕ್ಕೆ. ಸಣ್ಣ ಅಕ್ಷರದಲ್ಲಿ, ಮ್ಯಾಗ್ನೆಟ್ ಲೆಕ್ಕ ಮಾಡುವ ಭಾಗಕ್ಕೆ ಪ್ರತ್ಯೇಕ ಶುಲ್ಕ ಎಂದಿತ್ತು.

“ಹಾಗಾದ್ರೆ ಈ ದುಡ್ಡು ಯಾತಕ್ಕೆ, ವಿಮಾನ ತಿರುಗಿಸೋದಕ್ಕಾ?” ಎಂದರು ಮಾವ.

ನನಗೆ ಇದೆಲ್ಲ ಹಬ್ಬದ ಹಾಗಿತ್ತು. ಬೇರೆ ದಾರಿ ನಾನು ಹುಡುಕುತ್ತೇನೆ ಅತ್ತೆ ಎಂದು ತೋಳೇರಿಸಿದೆ. ಬೀದಿ ಕೊನೆಯ ಕಂಪ್ಯೂಟರ್ ರಿಪೇರಿಯವನ ಹತ್ತಿರ ಹೋದೆ, ಅವನು ಎರಡು ಚಹಾದ ದುಡ್ಡಿಗೆ ಒಂದು ಪೆನ್‌ಡ್ರೈವ್ ಕೊಟ್ಟ, ಲಕ್ಷಗಟ್ಟಲೆ ಬಾಳುವ ಸಾಫ್ಟ್‌ವೇರ್ ಎಲ್ಲ ಇದರಲ್ಲಿದೆ ತಂಗಿ, ಬೀಗ ಒಡೆದಿದ್ದೀವಿ ಎಂದ. ತಂದು ಅತ್ತೆಯ ಕಂಪ್ಯೂಟರಿಗೆ ಚುಚ್ಚಿದೆ. ಮೊದಲು ಅದು ವೈರಸ್ ಕಾವಲನ್ನು ಆರಿಸಿ ಎಂದು ಕೇಳಿತು. ಆರಿಸಿದೆ. ಆಮೇಲೆ ಪರದೆ ತುಂಬ ಜೂಜಿನ ಚಕ್ರಗಳು ತಿರುಗಿದವು, ಕಣ್ಣು ಹೊಡೆಯುವ ಹುಡುಗಿಯೊಬ್ಬಳು ಬಂದಳು, ಒಂದನ್ನು ಮುಚ್ಚಿದರೆ ಒದ್ದೆ ಸೌದೆಯಡಿಯ ಹುಳುಗಳ ಹಾಗೆ ನಾಲ್ಕು ಹೊರಬಂದವು. ಅತ್ತೆ ಪೆನ್‌ಡ್ರೈವನ್ನು ಬರಿಗೈಯಲ್ಲಿ ಮುಟ್ಟಲಿಲ್ಲ. ಎಣ್ಣೆಬಟ್ಟೆಯಲ್ಲಿ ಹಿಡಿದು ಎಳೆದು, ನನ್ನ ಕೈಗೇ ಹಾಕಿದಳು. ಬೇರೆಯವರ ಮನೆ ಬೀಗ ಒಡೆದು ತಂದದ್ದನ್ನು ಇಟ್ಟುಕೊಂಡು ಲಿಫ್ಟಿನಲ್ಲಿ ನಿಂತವರ ಜೀವದ ಲೆಕ್ಕ ಹಾಕ್ತೀಯಾ ಎಂದು ಕೇಳಿದಳು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸಿತು.

ನನ್ನ ಕಾಲೇಜಿನ ವಿದ್ಯಾರ್ಥಿ ಲೈಸೆನ್ಸ್ ಇತ್ತಲ್ಲ, ಅದನ್ನು ತೆಗೆದೆ. ದುಡ್ಡಿಲ್ಲ, ಕಳ್ಳತನ ಇಲ್ಲ, ಹುಡುಗಿ ಕಣ್ಣು ಹೊಡೆಯುವುದಿಲ್ಲ. ಅದರ ನಿಯಮವನ್ನು ಓದು ಎಂದಳು ಅತ್ತೆ. ಓದಿದೆ. ಕನ್ನಡದಲ್ಲಿ ಹೇಳು ಎಂದಳು. ಓದಿಗೆ ಮಾತ್ರ, ವ್ಯಾಪಾರದ ಕೆಲಸಕ್ಕೆ ಬಳಸಬಾರದು ಎಂದೆ. ಇನ್ನೊಂದು ಸಲ ಎಂದಳು. ಇನ್ನೊಂದು ಸಲ ಹೇಳಿದೆ.

“ಇದರಲ್ಲಿ ಯಾವ ಮಾತು ನಿನಗೆ ಅರ್ಥ ಆಗಿಲ್ಲ, ಪುಟ್ಟಿ?”

ನನಗೆ ಬೆವರಿಳಿಯಿತು, ಆದರೂ ಒಳಗೊಳಗೇ ನಗು, ಯಾಕೆಂದರೆ ಹಿಂದೆ ಮಾವ ಮುಖವನ್ನು ಲೇತ್ ಕಡೆ ತಿರುಗಿಸಿಕೊಂಡು ಭುಜ ಕುಣಿಸುತ್ತಿದ್ದರು.

ಮೂರನೆಯದು ಸಿಕ್ಕಿದ್ದು ನಮ್ಮ ಲ್ಯಾಬ್ ಮೇಷ್ಟ್ರಿಂದ. ಯಾರೋ ಒಬ್ಬ ಎಂಜಿನಿಯರ್ ತನ್ನ ಕೆಲಸಕ್ಕೆ ಬರೆದುಕೊಂಡು, ಯಾರು ಬೇಕಾದರೂ ಬಳಸಿ, ವ್ಯಾಪಾರಕ್ಕೂ ಬಳಸಿ ಎಂದು ಬಿಟ್ಟುಕೊಟ್ಟದ್ದು. ಈ ಸಲ ನಿಯಮವನ್ನು ನಾನೇ ಮೊದಲು, ಕೇಳುವ ಮುಂಚೆಯೇ, ಎರಡು ಸಲ ಓದಿ ಹೇಳಿದೆ. ಅತ್ತೆ ತಲೆ ಆಡಿಸಿದಳು. ನೋಡುವುದಕ್ಕೆ ಮಾತ್ರ ಅದು ದೇವರಿಗೇ ಪ್ರೀತಿ. ಬೂದು ಬಣ್ಣದ ಕಿಟಕಿ, ಚುಕ್ಕಿ ಇಟ್ಟು ಚುಕ್ಕಿ ಸೇರಿಸಬೇಕು, ಬೆರಳು ಜಾರಿದರೆ ಮೊದಲಿನಿಂದ ಶುರು. ಕರೆಂಟ್ ಬಿಲ್ ಕಟ್ಟುವ ಕೌಂಟರಿನ ಪರದೆ ಹೀಗೇ ಇರುತ್ತೆ ಎಂದರು ಮಾವ. ಜೊತೆಗೆ ಅದಕ್ಕೆ ಇಡೀ ಮ್ಯಾಗ್ನೆಟ್ ಕಟ್ಟಲು ಬರುವುದಿಲ್ಲ, ನಡುವಿನಿಂದ ಸೀಳಿದ ಅರ್ಧ ಹೋಳನ್ನು ಮಾತ್ರ ಬರೆಯಬಹುದು. ಅದನ್ನೇ ಸುತ್ತ ತಿರುಗಿಸಿದರೆ ಬರುವ ಆಕಾರ ಅಂದುಕೊಂಡು ಲೆಕ್ಕ ಮಾಡುತ್ತದೆ. ಇದು ಸಾಲದೇನೋ ಎಂದು ನಾನು ಮುಖ ಸಣ್ಣ ಮಾಡಿದಾಗ ಮಾವನೇ ಎದ್ದು ಬಂದರು.

“ಅಲ್ವೇ, ನಮ್ಮ ಹನ್ನೆರಡೂ ಗುಂಡಗೇ ಇವೆ. ಲೇತಲ್ಲಿ ನಾನು ಅಂಚನ್ನಷ್ಟೇ ನೋಡ್ಕೊಂಡು ತಿರುಗಿಸ್ತೀನಿ, ಮಿಕ್ಕಿದ್ದು ತಾನೇ ಆಗುತ್ತೆ. ಅರ್ಧ ಹೋಳು ಸಾಕಲ್ಲ.”

ಆ ಮಾರಾಟದವನು ಎರಡು ಗಂಟೆ ಕೊರೆದರೂ ಹೇಳದ ಮಾತನ್ನು ಮಾವ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. ನಮಗೆ ವಿಮಾನ ಬೇಡ, ಮೂರು ಕಡೆಯಿಂದ ನೋಡುವ ಲೆಕ್ಕವೂ ಬೇಡ. ನನಗೆ ಕುಣಿಯುವಂತಾಯಿತು. ಅರ್ಧ ಹೋಳು ಬರೆದೆ, ಕಬ್ಬಿಣ ಆರಿಸಿದೆ, ಸುತ್ತುಗಳ ಸಂಖ್ಯೆ ಕೊಟ್ಟೆ, ಒತ್ತಿದೆ.

ನೂರ ಅರವತ್ತೆಂಟು.

ತಕ್ಕಡಿಯಲ್ಲಿ ತೊಂಬತ್ತೆರಡು. ದುಬಾರಿಯದೂ ಹಾಗೇ ಹೇಳಿತ್ತು, ಪುಕ್ಕಟೆಯದೂ ಹಾಗೇ ಹೇಳುತ್ತಿದೆ. ಅತ್ತೆ ಹೆಬ್ಬೆರಳು ಉಜ್ಜತೊಡಗಿದಳು. ತಕ್ಕಡಿಗೆ ಮುದ್ರೆ ಹಾಕಿಸಿದ ಕಲ್ಲುಗಳನ್ನು ನೇತು ಹಾಕಿ ನೋಡಿದಳು, ಗ್ರಾಮೂ ಹೆಚ್ಚು ಕಡಿಮೆ ಇರಲಿಲ್ಲ. ತಿಂಗಳು ಮುಗಿಯಲು ಐದು ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಮಾರಾಟದವನ ಫೋನು. ನಿಮಗೋಸ್ಕರ ಮೇಲಿನವರ ಹತ್ತಿರ ಮಾತಾಡಿದ್ದೇನೆ, ಇವತ್ತೇ ಹೂಂ ಅಂದರೆ ಮೂರರಲ್ಲಿ ಒಂದು ಪಾಲಿಗೆ ಕೊಡಿಸುತ್ತೇನೆ ಎಂದನಂತೆ. ಅತ್ತೆ ಫೋನನ್ನು ಕಿವಿಯಿಂದ ಒಂದು ಇಂಚು ದೂರ ಹಿಡಿದಿದ್ದಳು.

“ಇವತ್ತು ಇಷ್ಟಕ್ಕೆ ಕೊಡೋ ವಸ್ತುನ ಮೊನ್ನೆ ಅಷ್ಟು ಅಂದ್ರಲ್ಲ, ಮೊನ್ನೆ ನನ್ನನ್ನ ಏನು ಮಾಡೋಕೆ ಹೊರಟಿದ್ರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಟ್ಟಳು. ಫೋನನ್ನೂ ಒರೆಸಿದಳು.

ನಾನು ಆಗ ಒಂದು ಕೆಲಸ ಮಾಡಿದೆ, ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಮಾಡುವಾಗ ನನಗೆ ನಾನೇ ಮಹಾ ಜಾಣೆ ಅನ್ನಿಸಿತ್ತು. ಸಾಫ್ಟ್‌ವೇರಿನಲ್ಲಿ ಕಬ್ಬಿಣದ ಗುಣವನ್ನು ನಾವೇ ತಿದ್ದಬಹುದು. ಸ್ವಲ್ಪ ಸ್ವಲ್ಪವೇ ಕೆಡಿಸುತ್ತಾ ಹೋದೆ, ನೂರ ಐವತ್ತಾಯಿತು, ನೂರ ಹತ್ತಾಯಿತು, ಕೊನೆಗೆ ಸರಿಯಾಗಿ ತೊಂಬತ್ತೆರಡು. ಅತ್ತೇ, ಸಿಕ್ಕಿತು ಎಂದು ಕೂಗಿದೆ. ಅತ್ತೆ ಬಂದು, ಪರದೆಯನ್ನಲ್ಲ, ನನ್ನ ಮುಖವನ್ನು ನೋಡಿದಳು.

“ಇದು ಯಾವ ಕಬ್ಬಿಣ?”

“ನಮ್ಮದೇ. ಸ್ವಲ್ಪ ಸರಿ ಮಾಡಿದೆ ಅಷ್ಟೆ.”

“ನಮ್ಮ ಕಬ್ಬಿಣ ಇದಲ್ಲ. ಇದು ಹಳೇ ಡಬ್ಬಿ. ಅವನು ಎಂಟುನೂರು ಅಂತ ಬರೆಸ್ತಿದ್ನಲ್ಲ, ಅವನಿಗೂ ನಿನಗೂ ಏನು ವ್ಯತ್ಯಾಸ?”

ಅವಳು ಕೈ ತೊಳೆಯಲು ಹೋಗಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತು. ನನ್ನ ಕಡೆ ಬೆನ್ನು ಹಾಕಿ ಜೋಡಿಸುವ ಮೇಜಿಗೆ ಕೂತು, ಜೋಡಿಸಲು ಉಳಿದಿದ್ದ ನಾಲ್ಕನೇ ನಂಬರುಗಳನ್ನು ಹತ್ತಿರ ಎಳೆದುಕೊಂಡಳು. ನಾನು ಲೆಕ್ಕ ಅಳಿಸಿ, ಮೊಣಕಾಲು ಮಡಚಿಕೊಂಡು ಅವಳ ಪಕ್ಕದ ಸ್ಟೂಲಿನಲ್ಲಿ ಕೂತೆ. ತಪ್ಪಾಯ್ತು ಎಂದೆ. ಅವಳು ಬೈಯುತ್ತಲೇ ಇದ್ದಳು, ಕಲಿತವರ ಕೈಗೆ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ, ಓದದವರಾದರೆ ಕನಿಷ್ಠ ತೊದಲುತ್ತಾರೆ ಎಂದು. ಬೈಯುತ್ತಾ ಬೈಯುತ್ತಾ ಅವಳ ಕೈಗಳು ಅವುಗಳ ಪಾಡಿಗೆ ಕೆಲಸ ಮಾಡುತ್ತಿದ್ದವು. ಬಟ್ಟಲನ್ನು ಒರೆಸಿದವು. ಸುರುಳಿಯನ್ನು ಇಳಿಸಿದವು. ಎಡಗಡೆಯ ಡಬ್ಬಿಯಿಂದ ಒಂದು ತೆಳ್ಳನೆಯ ಹಿತ್ತಾಳೆ ಹಾಳೆ ತೆಗೆದವು, ಕತ್ತರಿಯಿಂದ ಬಳೆಯ ಹಾಗೆ ಗುಂಡಗೆ ಕತ್ತರಿಸಿದವು, ಒಂದು ತೊಟ್ಟು ವಾರ್ನಿಶ್ ಸವರಿ ಕಂಬದ ತಲೆಗೂ ಬಟ್ಟಲಿನ ಅಂಚಿಗೂ ಅಂಟಿಸಿದವು, ಹೆಬ್ಬೆರಳಿನಿಂದ ಒತ್ತಿದವು. ಅಷ್ಟು ಹೊತ್ತೂ ಕಣ್ಣು ನನ್ನ ಮೇಲೇ ಇತ್ತು.

“ಅತ್ತೆ, ಅದೇನು?”

“ಯಾವುದು?”

“ಈಗ ಅಂಟಿಸಿದ್ದು.”

ಅವಳು ತನ್ನ ಕೈಯನ್ನೇ ನೋಡಿಕೊಂಡಳು. ಹಿತ್ತಾಳೆ ಹಾಳೆ ಕಣೇ, ಅದಿಲ್ಲದಿದ್ದರೆ ಕರೆಂಟ್ ಹೋದ ಮೇಲೂ ತಟ್ಟೆ ಕಚ್ಚಿಕೊಂಡೇ ಇರುತ್ತೆ, ಕಬ್ಬಿಣಕ್ಕೆ ಕಬ್ಬಿಣ ತಾಗಬಾರದು, ವೈಂಡಿಂಗ್ ಮಾಡುವ ಯಾರಿಗಾದರೂ ಗೊತ್ತಿರುವ ವಿಷಯ ಎಂದಳು. ಎಲ್ಲ ನಂಬರಿಗೂ ಹಾಕುತ್ತೀಯಾ ಎಂದು ಕೇಳಿದೆ. ಹಾಕದೆ ಇರ್ತೀನಾ ಎಂದಳು. ನಾನು ಏಳನೇ ನಂಬರಿನ ನಕ್ಷೆಯನ್ನು ತಂದು ಅವಳ ಮುಂದೆ ಹರಡಿದೆ. ಬಟ್ಟಲು ಇತ್ತು, ಕಂಬ, ಸುರುಳಿ, ತಟ್ಟೆ, ಮೂಲೆಯಲ್ಲಿ ಅವಳ ಸಹಿ. ಹಿತ್ತಾಳೆ ಇರಲಿಲ್ಲ.

ಅತ್ತೆ ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿದಳು, ಹಿಂದೆ ತಿರುಗಿಸಿಯೂ ನೋಡಿದಳು. ಉಳಿದ ಹನ್ನೊಂದನ್ನು ಮಾವ ಬೀರುವಿನಿಂದ ತಂದರು. ಯಾವುದರಲ್ಲೂ ಇಲ್ಲ. ಕೈ ಮಾಡುತ್ತಿದ್ದ ಕೆಲಸ ಪೆನ್ಸಿಲಿನವರೆಗೆ ಹೋಗಿರಲೇ ಇಲ್ಲ.

ಹಾಳೆಯ ದಪ್ಪ ಎಷ್ಟು ಎಂದು ಕೇಳಿದರೆ ಅದೂ ಅವಳಿಗೆ ಅಂಕಿಯಲ್ಲಿ ಗೊತ್ತಿರಲಿಲ್ಲ, ಬೆರಳಿಗೆ ಗೊತ್ತಿತ್ತು. ಮಾವ ಮೈಕ್ರೋಮೀಟರಿನಲ್ಲಿ ಹಿಡಿದು ನೋಡಿದರು, ವಾರ್ನಿಶ್ ಸೇರಿ ಮಿಲಿಮೀಟರಿನ ಕಾಲು ಭಾಗಕ್ಕೆ ಚೂರು ಕಡಿಮೆ. ನಾನು ಕಬ್ಬಿಣವನ್ನು ಮೊದಲಿನಂತೆ ಒಳ್ಳೆಯದನ್ನೇ ಇಟ್ಟು, ಬೂದು ಪರದೆಯಲ್ಲಿ ತಟ್ಟೆಗೂ ಬಟ್ಟಲಿಗೂ ನಡುವೆ ಅಷ್ಟೇ ದಪ್ಪದ ಸಂದು ಬಿಟ್ಟೆ, ಮ್ಯಾಗ್ನೆಟ್ಟಿಗೆ ಹಿತ್ತಾಳೆಯೂ ಒಂದೇ, ಖಾಲಿ ಜಾಗವೂ ಒಂದೇ. ಬೆರಳು ಎರಡು ಸಲ ಜಾರಿತು. ಒತ್ತಿದೆ.

ತೊಂಬತ್ತೈದು.

ನಾನು ಸ್ಟೂಲಿನಿಂದ ಎದ್ದು ಮಾವನ ಕೈ ಹಿಡಿದು ಒಂದು ಸುತ್ತು ತಿರುಗಿಯೇಬಿಟ್ಟೆ. ನೂರಕ್ಕೆ ಹತ್ತು ಎಲ್ಲಿ, ನಾಲ್ಕೂ ಇಲ್ಲ. ರಿಪೋರ್ಟು ಮುಗಿಯಿತು, ಆರ್ಡರ್ ಉಳಿಯಿತು, ಅದೂ ಒಂದು ಪೈಸೆ ಇಲ್ಲದೆ. ತಿರುಗಿ ನೋಡಿದರೆ ಅತ್ತೆ ಇಲ್ಲ. ಹಿಂದಿನಿಂದ ನಲ್ಲಿಯ ಸದ್ದು.

ಹೋಗಿ ನೋಡಿದೆ. ಮೊಣಕೈ ದಾಟಿ ತೊಳೆಯುತ್ತಿದ್ದಳು. ಈ ಅಸಹ್ಯ ಯಾರ ಮೇಲೆ ಅತ್ತೆ ಎಂದೆ. ನನಗೆ ನನ್ನ ಮೇಲೇ ಎಂದಳು. ನಾಳೆ ನನ್ನ ಕೈ ನಡುಗಿದರೆ, ನಾನು ಸತ್ತರೆ, ಅಥವಾ ಲಿಫ್ಟಿನವರೇ ಆ ನಕ್ಷೆಯನ್ನು ಬೇರೆಯವರಿಗೆ ಕೊಟ್ಟು ಮಾಡಿಸಿದರೆ, ಅವರು ನಕ್ಷೆಯಲ್ಲಿದ್ದ ಹಾಗೇ ಮಾಡುತ್ತಾರೆ, ಹಿತ್ತಾಳೆ ಇರುವುದಿಲ್ಲ, ಕರೆಂಟ್ ಹೋದಾಗ ತಟ್ಟೆ ಕಚ್ಚಿಕೊಂಡು ಬ್ರೇಕ್ ತಡವಾಗಿ ಬೀಳುತ್ತದೆ, ಒಳಗೆ ಜನ ಇರುತ್ತಾರೆ. ಕಣ್ಣಳತೆಯವನನ್ನು ಕಂಡು ಮೂವತ್ತಮೂರು ವರ್ಷದಿಂದ ಮೂಗು ಮುರಿಯುತ್ತಿದ್ದೇನೆ, ನಾನು ಮಾಡಿದ್ದೂ ಅದನ್ನೇ ಎಂದಳು. ಇದನ್ನೆಲ್ಲ ಅಳದೆ, ಸೋಪಿನ ನೊರೆಯನ್ನು ನೋಡುತ್ತಾ, ಹಳಸಿದ ಅಡುಗೆಯ ಬಗ್ಗೆ ಹೇಳುವ ದನಿಯಲ್ಲಿ ಹೇಳಿದಳು.

ನಕ್ಷೆಯನ್ನು ಸುಮ್ಮನೆ ತಿದ್ದಿ ರಿಪೋರ್ಟಿನ ಜೊತೆ ಕಳಿಸಿಬಿಡಬಹುದಲ್ಲ, ಅವನಿಗೆ ಹಳೆಯದು ನೋಡಲು ಪುರುಸೊತ್ತೆಲ್ಲಿ ಎಂದು ಮಾವ ಮೆಲ್ಲಗೆ ಅಂದರು. ಅತ್ತೆ ಕೈ ಒರೆಸಿಕೊಂಡು ಬಂದು ಫೋನೆತ್ತಿ ಆ ಎಂಜಿನಿಯರನಿಗೇ ನೇರ ಹಚ್ಚಿದಳು. ಎಲ್ಲರೂ ಕೇಳಲಿ ಎಂದು ಸ್ಪೀಕರ್ ಒತ್ತಿದಳು.

“ಹತ್ತೊಂಬತ್ತು ವರ್ಷದಿಂದ ನಿಮಗೆ ಕೊಟ್ಟಿರೋ ನಕ್ಷೆ ತಪ್ಪು ಸಾರ್. ಮ್ಯಾಗ್ನೆಟ್ ಸರಿ ಇದೆ. ನಕ್ಷೆ ತಪ್ಪು.”

ಆ ಕಡೆ ಪೆನ್ನು ಮೇಜಿಗೆ ತಟ್ಟುವ ಸದ್ದು ನಿಂತಿತು. ಅವಳು ಹಿತ್ತಾಳೆಯ ವಿಷಯ ಪೂರ್ತಿ ಹೇಳಿದಳು, ಒಂದು ಮಾತನ್ನೂ ನುಂಗಲಿಲ್ಲ. ಹಾಳೆ ಇಲ್ಲದೆ ಹೊರಗೆ ಹೋದದ್ದು ಎಷ್ಟು ಎಂದು ಅವನು ಕೇಳಿದ.

“ಒಂದೂ ಇಲ್ಲ. ನನ್ನ ಕೈ ದಾಟದೆ ಯಾವುದೂ ಹೋಗಿಲ್ಲ. ಆದ್ರೆ ನನ್ನ ಕೈ ನಕ್ಷೆಯಲ್ಲಿಲ್ವಲ್ಲ.”

ಮಾವ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆ ಎಂಜಿನಿಯರ್ ಏನೋ ಬರೆದುಕೊಂಡ. ಆಮೇಲೆ, ಲೆಕ್ಕ ಯಾವುದರಲ್ಲಿ ಮಾಡಿದಿರಿ ಎಂದ. ಅತ್ತೆ ನನ್ನ ಕಡೆ ನೋಡಿದಳು, ನಾನು ಹೆಸರು ಹೇಳಿದೆ. ಅದರಲ್ಲಿ ಚಿತ್ರ ಅಷ್ಟೇನೂ ಚೆನ್ನಾಗಿ ಬರಲ್ಲವಲ್ಲ ಎಂದ.

“ಚಿತ್ರ ಬ್ರೇಕ್ ಹಿಡಿಯಲ್ಲ ಸಾರ್,” ಎಂದಳು ಅತ್ತೆ, ಮೂಗಿನ ಮೇಲೆ ಮೂರು ಗೆರೆಯೊಂದಿಗೆ.

ಅವನು ನಕ್ಕನೋ ಕೆಮ್ಮಿದನೋ ಗೊತ್ತಾಗಲಿಲ್ಲ. ತಮ್ಮ ಉಗ್ರಾಣದಿಂದ ಹಳೆಯ ಮ್ಯಾಗ್ನೆಟ್ ಐದನ್ನು ತಾನೇ ಆರಿಸಿ ತರುತ್ತೇನೆ, ನಿಮ್ಮ ಮುಂದೆಯೇ ಬಿಚ್ಚುತ್ತೇನೆ, ಐದರಲ್ಲೂ ಹಿತ್ತಾಳೆ ಇದ್ದರೆ, ನಿಮ್ಮ ಚೌಕಟ್ಟಿನಲ್ಲಿ ಎಳೆತವೂ ಲೆಕ್ಕಕ್ಕೆ ಕೂಡಿದರೆ ಆರ್ಡರ್ ಮುಂದುವರಿಯುತ್ತದೆ, ಒಂದರಲ್ಲಿ ಇಲ್ಲದಿದ್ದರೂ ಇಲ್ಲ ಎಂದ. ಮುಂದಿನ ಬುಧವಾರ, ಬೆಳಿಗ್ಗೆ ಹತ್ತು ಗಂಟೆ. ಹನ್ನೆರಡೂ ನಕ್ಷೆ ತಿದ್ದಿ ಇಟ್ಟಿರಬೇಕು.

ಅತ್ತೆ ಫೋನಿಟ್ಟು, ಹಿತ್ತಾಳೆ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿ ಮತ್ತೆ ಮುಚ್ಚಿದಳು. ಐದರಲ್ಲೂ ಇರುತ್ತೆ ತಾನೇ ಎಂದು ನಾನು ಕೇಳಬೇಕೆಂದಿದ್ದೆ, ಮುಖ ನೋಡಿ ಕೇಳಲಿಲ್ಲ.

“ಬುಧವಾರದವರೆಗೆ ನಿನಗೇನಿದೆ?” ಎಂದಳು.

“ಓದೋದಿದೆ.”

“ಅಂದ್ರೆ ಏನೂ ಇಲ್ಲ. ನಾಳೆ ಎಂಟಕ್ಕೇ ಬಾ. ಅರ್ಧ ಹೋಳು ಇನ್ನೂ ಹನ್ನೊಂದು ಬರೀಬೇಕು, ನಾನು ಬರೀತೀನಿ, ನೀನು ಪಕ್ಕದಲ್ಲಿ ಕೂತು ತಪ್ಪು ಹಿಡಿ. ಕಬ್ಬಿಣ ಮುಟ್ಟಿದ್ರೆ ಕೈ ಮುರೀತೀನಿ.”

ಬರುತ್ತೇನೆ ಎಂದೆ. ಚಪ್ಪಲಿ ಹಾಕಿಕೊಳ್ಳುವಾಗ ಮಾವ ಬಾಗಿಲವರೆಗೆ ಬಂದು, ಬರುವಾಗ ಗ್ರೀಸ್ ಸೋಪು ಎರಡು ತಗೊಂಡು ಬಾ ಪುಟ್ಟಿ, ಮೂರು ತಿಂಗಳಿಗೆ ತಂದಿಟ್ಟದ್ದು ಈ ವಾರಕ್ಕೇ ಮುಗಿಯಿತು ಎಂದರು.